ಓಲೆಯ ಮಗ, ಹೌಗೆನ್‌ನವನು: ಹಳೆಯ ಸ್ಕ್ಯಾಂಡಿನೇವಿಯನ್ ಹೆಸರನ್ನು ಬಿಡಿಸಿ ಓದುವ ಬಗೆ

1801ರ ನಾರ್ವೆ ಜನಗಣತಿಯ ಪುಟವೊಂದರಲ್ಲಿ ‘ಲಾರ್ಸ್ ಓಲ್ಸೆನ್ ಹೌಗೆನ್’ ಎಂಬ ಹೆಸರು ಸಿಕ್ಕಿತು ಎಂದುಕೊಳ್ಳಿ. ಮೂರು ಪದ ಕಂಡ ಕೂಡಲೇ ಕೊನೆಯದನ್ನು ಅಡ್ಡಹೆಸರು ಎಂದುಕೊಂಡು ಹೌಗೆನ್ ಮನೆತನ ಹುಡುಕಲು ಹೊರಡುವವರೇ ಹೆಚ್ಚು. ಹಾಗೆ ಹೊರಟವರು ಎರಡನೇ ತಲೆಮಾರಿಗೇ ದಾರಿ ತಪ್ಪುತ್ತಾರೆ. ಆ ಕಾಲದ ನಾರ್ವೆಯ ಹಳ್ಳಿಗನಿಗೆ ಅಡ್ಡಹೆಸರೆಂಬುದೇ ಇರಲಿಲ್ಲ. ಅವನ ಹೆಸರು ಬರೀ ಲಾರ್ಸ್. ಯಾರ ಮಗ ಎಂದರೆ ಓಲೆ ಎಂಬಾತನ ಮಗ. ಎಲ್ಲಿಯವನು ಎಂದರೆ ಹೌಗೆನ್ ಎಂಬ ಜಮೀನಿನವನು.

ಕನ್ನಡಿಗರಿಗೆ ಇದು ಹೊಸದಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರು, ತಂದೆ, ಹೆಸರು ಸಾಲಾಗಿ ನಿಂತಿವೆ. ನಾರ್ವೆಯವರು ಅದನ್ನೇ ಹಿಂದುಮುಂದಾಗಿ ಜೋಡಿಸಿದ್ದಾರೆ, ಅಷ್ಟೇ. ಆದ್ದರಿಂದ ಹಳೆಯ ಸ್ಕ್ಯಾಂಡಿನೇವಿಯನ್ ಹೆಸರನ್ನು ಇನಿಷಿಯಲ್ ಬಿಡಿಸುವ ಹಾಗೆ ಬಿಡಿಸಬೇಕು. ಪಾಟೀಲ, ಕುಲಕರ್ಣಿ, ದೇಸಾಯಿ ಎಂದು ಓದುವ ಹಾಗೆ ಓದಬಾರದು. ವಂಶಾವಳಿ ಹುಡುಕುವವರಿಗೂ ಅಲ್ಲಿನ ಕಥೆಗಳನ್ನು ಕನ್ನಡಕ್ಕೆ ತರುವವರಿಗೂ ಓಸ್ಲೋ, ಸ್ಟಾಕ್‌ಹೋಮ್‌ಗಳಲ್ಲಿ ನೆಂಟಸ್ತನ ಬೆಳೆಸಿದವರಿಗೂ ಕೆಳಗಿನ ಕ್ರಮ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 1: ದೇಶ ಯಾವುದು, ಕಾಲ ಯಾವುದು

ದೇಶವನ್ನು ಹೆಸರಿನ ಬಾಲವೇ ಹೇಳುತ್ತದೆ. ಗಂಡಿಗೆ ‘ಸೆನ್’, ಹೆಣ್ಣಿಗೆ ‘ಡಾಟ್ಟರ್’ ಇದ್ದರೆ ಡೆನ್ಮಾರ್ಕ್ ಅಥವಾ ನಾರ್ವೆ. ‘ಸೊನ್’, ‘ಡೊಟ್ಟರ್’ ಇದ್ದರೆ ಬಹುಮಟ್ಟಿಗೆ ಸ್ವೀಡನ್. ‘ಸೊನ್’ ಜೊತೆಗೆ ‘ಡೋಟ್ಟಿರ್’ ಬಂದರೆ ಐಸ್‌ಲ್ಯಾಂಡ್. ಅಮೆರಿಕಕ್ಕೆ ಹೋದವರ ವಿಷಯದಲ್ಲಿ ಈ ಗುರುತನ್ನು ನಂಬಬೇಡಿ. ಅಲ್ಲಿ ಸೆನ್ ಸೊನ್ ಆಗಿದೆ, ಪೆಡರ್‌ಸೆನ್ ಪೀಟರ್ಸನ್ ಆಗಿದೆ.

ಕಾಲದ ಲೆಕ್ಕ ಇನ್ನೂ ಮುಖ್ಯ. ತಂದೆಯ ಹೆಸರು ತಲೆಮಾರಿಗೊಮ್ಮೆ ಬದಲಾಗುವುದು ನಿಂತು, ಒಂದೇ ಹೆಸರು ವಂಶಕ್ಕೆಲ್ಲ ಅಂಟಿಕೊಂಡ ಹೊತ್ತು ಒಂದೊಂದು ದೇಶದಲ್ಲಿ ಒಂದೊಂದು. ಡೆನ್ಮಾರ್ಕಿನ ಅರಸರು 1771ರಲ್ಲಿ ಶ್ಲೆಸ್ವಿಗ್ ಪ್ರಾಂತಕ್ಕೆ ಮೊದಲು ಈ ಆಜ್ಞೆ ಹೊರಡಿಸಿದರು. 1828ರಲ್ಲಿ ಉಳಿದ ಡೆನ್ಮಾರ್ಕಿನಲ್ಲೂ ದೀಕ್ಷಾಸ್ನಾನದ ವೇಳೆ ಮನೆತನದ ಹೆಸರು ಕೊಡಬೇಕೆಂದರು. ಹಳ್ಳಿಯವರು ಕಿವಿಗೆ ಹಾಕಿಕೊಳ್ಳದೆ ಹಳೆಯ ರೂಢಿಯನ್ನೇ ಹಲವು ದಶಕ ನಡೆಸಿದ್ದರಿಂದ 1856ರಲ್ಲಿ ಮತ್ತೊಮ್ಮೆ ಬಿಗಿಮಾಡಬೇಕಾಯಿತು. ಸ್ವೀಡನ್ನಿನ ಕಟ್ಟಳೆ 1901ರದು, ನಾರ್ವೆಯ ಕಾಯ್ದೆ 1923ರದು. ಐಸ್‌ಲ್ಯಾಂಡ್ ಇವರೆಲ್ಲರಿಗೂ ತದ್ವಿರುದ್ಧ: 1925ರ ಕಾಯ್ದೆಯಲ್ಲಿ ಹೊಸ ಅಡ್ಡಹೆಸರು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು.

ಈ ಇಸವಿಗಳನ್ನು ಗೆರೆ ಕೊರೆದಂತೆ ತೆಗೆದುಕೊಳ್ಳಬೇಡಿ. ಪೇಟೆಯವರು, ವ್ಯಾಪಾರಿಗಳು, ಅಧಿಕಾರಿಗಳು ಕಾಯ್ದೆಗಿಂತ ಎಷ್ಟೋ ಮುಂಚೆಯೇ ಹೆಸರನ್ನು ಗಟ್ಟಿಮಾಡಿಕೊಂಡಿದ್ದರು. ಅದಕ್ಕೇ 1880ರ ಸ್ವೀಡಿಷ್ ದಾಖಲೆಯೊಂದರಲ್ಲಿ ‘ಆನಾ ಲಾರ್ಸೊನ್’ ಕಂಡರೆ ಅನುಮಾನಪಡಿ. ಹೆಣ್ಣು ‘ಲಾರ್ಸ್‌ನ ಮಗ’ ಆಗುವುದು ಹೇಗೆ? ಆ ಮನೆಯಲ್ಲಿ ಲಾರ್ಸೊನ್ ಆಗಲೇ ಅಡ್ಡಹೆಸರಾಗಿದೆ, ತಂದೆಯ ಹೆಸರು ಬೇರೆ ಇರಬಹುದು. ‘ಆನಾ ಲಾರ್ಸ್‌ಡೊಟ್ಟರ್’ ಎಂದಿದ್ದರೆ ತಂದೆ ಲಾರ್ಸ್ ಎಂದು ಧೈರ್ಯವಾಗಿ ಬರೆದುಕೊಳ್ಳಿ. ಹಾಗಾಗಿ ಮನೆಯಲ್ಲಿ ಒಂದು ಹೆಣ್ಣುಮಗುವಿದ್ದರೆ ಮೊದಲು ಅವಳ ಹೆಸರು ನೋಡಿ; ಪದ್ಧತಿ ಜೀವಂತವಾಗಿದೆಯೋ ಹೆಪ್ಪುಗಟ್ಟಿದೆಯೋ ಅದರಲ್ಲೇ ಗೊತ್ತಾಗುತ್ತದೆ.

ಹೆಜ್ಜೆ 2: ತಂದೆಯ ಹೆಸರಿನ ವಿಭಕ್ತಿ ಬಿಡಿಸಿ

ಸೊನ್, ಸೆನ್ ಎಂದರೆ ಮಗ. ಅದರ ಹಿಂದಿರುವುದು ತಂದೆಯ ಹೆಸರಲ್ಲ, ತಂದೆಯ ಹೆಸರಿನ ಷಷ್ಠಿ ವಿಭಕ್ತಿ ರೂಪ. ರಾಮ ರಾಮನ ಆಗುತ್ತಾನೆ, ರವಿ ರವಿಯ ಆಗುತ್ತಾನೆ, ಗುರು ಗುರುವಿನ ಆಗುತ್ತಾನೆ. ಪದ ಯಾವ ಅಕ್ಷರದಲ್ಲಿ ಮುಗಿಯುತ್ತದೆ ಎಂಬುದರ ಮೇಲೆ ಪ್ರತ್ಯಯ. ಅಲ್ಲಿಯೂ ಅದೇ ನಡೆ.

ಸ್ವೀಡಿಷ್‌ನಲ್ಲಿ ಸುಲಭ: ಹೆಸರಿಗೆ ‘ಸ್’ ಸೇರಿಸಿ ‘ಸೊನ್’ ಹಚ್ಚಿ. ಎರಿಕ್‌ನಿಂದ ಎರಿಕ್ಸ್‌ಸೊನ್, ಪೆರ್‌ನಿಂದ ಪೆರ್ಸ್‌ಸೊನ್. ಅಲ್ಲಿನ ಬರವಣಿಗೆಯಲ್ಲಿ ಸಕಾರ ಎರಡು ಇರುವುದಕ್ಕೆ ಇದೇ ಕಾರಣ. ಒಂದು ವಿಭಕ್ತಿಯದು, ಇನ್ನೊಂದು ಮಗನದು. ಲಾರ್ಸ್, ನಿಲ್ಸ್, ಆಂಡರ್ಸ್ ಇಂಥ ಹೆಸರು ಸಕಾರದಲ್ಲೇ ಮುಗಿಯುವುದರಿಂದ ಇನ್ನೊಂದು ಸೇರಿಸುವ ಗೋಜಿಲ್ಲ. ಡೆನ್ಮಾರ್ಕ್, ನಾರ್ವೆಗಳಲ್ಲಿ ಸವೆದು ಒಂದೇ ಸಕಾರ ಉಳಿಯಿತು: ಹಾನ್ಸ್‌ನಿಂದ ಹಾನ್ಸೆನ್, ಯೆನ್ಸ್‌ನಿಂದ ಯೆನ್ಸೆನ್, ಓಲೆಯಿಂದ ಓಲ್ಸೆನ್. ಹುಡುಕುಪಟ್ಟಿಯಲ್ಲಿ ಸಕಾರ ಒಂದೋ ಎರಡೋ ಎಂಬ ಒಂದೇ ಎಡವಟ್ಟಿನಿಂದ ಇಡೀ ಕುಟುಂಬ ಕೈತಪ್ಪುವುದುಂಟು. ಎರಡೂ ರೀತಿಯಲ್ಲಿ ಬರೆದು ಹುಡುಕಿ.

ಐಸ್‌ಲ್ಯಾಂಡಿಕ್‌ನಲ್ಲಿ ಮಾತ್ರ ವ್ಯಾಕರಣ ಗೊತ್ತಿರಲೇಬೇಕು. ಯೋನ್ ಎಂಬವನ ಮಗ ಯೋನ್ಸ್‌ಸೊನ್, ಎಯ್ನಾರ್ ಎಂಬವನ ಮಗ ಎಯ್ನಾರ್ಸ್‌ಸೊನ್, ಇವು ಸರಳ. ‘ಇ’ಯಲ್ಲಿ ಮುಗಿಯುವ ಗಂಡುಹೆಸರು ಮಾತ್ರ ‘ಆ’ ಆಗುತ್ತದೆ: ಹೆಲ್ಗಿಯ ಮಗ ಹೆಲ್ಗಾಸೊನ್, ಬ್ಯಾರ್ನಿಯ ಮಗ ಬ್ಯಾರ್ನಾಸೊನ್. 1980ರಲ್ಲಿ ಅಲ್ಲಿನ ಅಧ್ಯಕ್ಷೆಯಾಗಿ ಆಯ್ಕೆಯಾದ ವಿಗ್ಡಿಸ್ ಅವರ ಎರಡನೇ ಹೆಸರು ಫಿನ್‌ಬೋಗಾಡೋಟ್ಟಿರ್. ತಂದೆಯ ಹೆಸರು ಫಿನ್‌ಬೋಗಾ ಅಲ್ಲ, ಫಿನ್‌ಬೋಗಿ. ‘ಆ’ಯಲ್ಲಿ ಮುಗಿಯುವ ಹೆಸರು ‘ಉ’ ಆಗುತ್ತದೆ: ಸ್ಟುರ್ಲಾ ಎಂಬವನ ಮಗ ಸ್ನೊರ್ರಿ ಸ್ಟುರ್ಲುಸೊನ್. ಕೆಲವು ಹೆಸರಿನಲ್ಲಿ ಒಳಗಿನ ಸ್ವರವೇ ಪಲ್ಲಟವಾಗುತ್ತದೆ. ಓರ್ನ್ ಎಂಬವನ ಮಗ ಆರ್ನಾರ್‌ಸೊನ್. ಇದರಲ್ಲಿ ಬಾಲ ಕತ್ತರಿಸಿ ‘ಆರ್ನಾರ್’ ಎಂಬ ತಂದೆಯನ್ನು ಸೃಷ್ಟಿಸುವುದು ಅನುವಾದಕರು ಮಾಡುವ ಮಾಮೂಲಿ ತಪ್ಪು.

‘ಉ’ಕಾರದ ರೂಪ ಕಂಡಾಗ ಇನ್ನೊಂದು ಸಾಧ್ಯತೆ ನೆನಪಿರಲಿ: ಅದು ತಾಯಿಯ ಹೆಸರಿರಬಹುದು. ಹೆಲ್ಗಾ ಹೆಂಗಸಿನ ಹೆಸರು, ಅವಳ ಮಗ ಹೆಲ್ಗುಸೊನ್. ತಂದೆ ಬೇಗ ತೀರಿಕೊಂಡಿದ್ದರೆ, ತಾಯಿಯ ಕಡೆಯವರೇ ದೊಡ್ಡವರಾಗಿದ್ದರೆ ತಾಯಿಯ ಹೆಸರು ನಿಲ್ಲುತ್ತಿತ್ತು. 11ನೇ ಶತಮಾನದ ಡೆನ್ಮಾರ್ಕಿನ ದೊರೆ ಸ್ವೆನ್ ಎಸ್ಟ್ರಿಡ್ಸೆನ್ ತನ್ನ ತಾಯಿ ಎಸ್ಟ್ರಿಡ್‌ಳ ಹೆಸರು ಹೊತ್ತವನು; ಸಿಂಹಾಸನದ ಹಕ್ಕು ಅವಳ ಕಡೆಯಿಂದ ಬಂದದ್ದು.

ಹೆಜ್ಜೆ 3: ಒಂದೇ ಹೆಸರಿನ ಹತ್ತು ವೇಷ

ನಾರ್ವೆಯ ಪಾದ್ರಿಗಳು ಬಹುಕಾಲ ಡೆನ್ಮಾರ್ಕಿನಲ್ಲಿ ಓದಿ ಬಂದವರು, ಬರೆಯುತ್ತಿದ್ದದ್ದು ಡೇನಿಷ್. ಮನೆಯಲ್ಲಿ ಓಲಾ ಎಂದು ಕರೆಸಿಕೊಂಡವನು ಚರ್ಚಿನ ಪುಸ್ತಕದಲ್ಲಿ ಓಲೆ ಆಗುತ್ತಾನೆ. ಪೆರ್, ಪೆಡರ್, ಪೆಟ್ಟರ್ ಒಬ್ಬನೇ ಇರಬಹುದು. ಯೋಹಾನೆಸ್ ಎಂಬ ಬೈಬಲ್ ಹೆಸರಿನಿಂದಲೇ ಯೋಹಾನ್, ಯೋನ್, ಯೆನ್ಸ್, ಹಾನ್ಸ್, ಯಾನ್ ಹುಟ್ಟಿವೆ. ಹಾಗೆಂದು ಇವೆಲ್ಲ ಅದಲುಬದಲಾಗುವ ಹೆಸರುಗಳೆಂದು ತಿಳಿಯಬೇಡಿ: ಒಂದೇ ಮನೆಯಲ್ಲಿ ಹಾನ್ಸ್ ಮತ್ತು ಯೋಹಾನೆಸ್ ಅಣ್ಣತಮ್ಮಂದಿರಾಗಿ ಬೆಳೆದಿರುತ್ತಾರೆ.

ಹೆಂಗಸರ ಹೆಸರು ಇನ್ನೂ ಜಾರುತ್ತದೆ. ಕಾಟರೀನಾ ಸ್ವೀಡನ್ನಿನಲ್ಲಿ ಕಾರಿನ್, ಕಾಯ್ಸಾ ಆಗುತ್ತಾಳೆ, ನಾರ್ವೆಯಲ್ಲಿ ಕಾರಿ. ಮಾರ್ಗರೇತಾ ಗ್ರೇತಾ ಅಥವಾ ಮಾರಿಟ್. ಬಿರ್ಗಿಟ್ಟಾ ಬ್ರಿಟಾ ಅಥವಾ ಬೆರಿಟ್. ಕ್ರಿಸ್ಟೀನಾ ಬರೀ ಸ್ಟೀನಾ. ದೀಕ್ಷಾಸ್ನಾನದಲ್ಲಿ ಉದ್ದ ಹೆಸರು, ಮದುವೆಯಲ್ಲಿ ಗಿಡ್ಡ ಹೆಸರು, ಸಾವಿನ ದಾಖಲೆಯಲ್ಲಿ ಮತ್ತೆ ಉದ್ದ ಹೆಸರು ಬಂದರೆ ಗಾಬರಿಬೇಡ. ಆದರೆ ಮದುವೆಯಾದ ಮೇಲೂ ಅವಳು ತಂದೆಯ ಮಗಳೇ. ಮಾರಿಟ್ ಪೆಡರ್ಸ್‌ಡಾಟ್ಟರ್ ಓಲೆಯನ್ನು ಮದುವೆಯಾದ ಮಾತ್ರಕ್ಕೆ ಓಲ್ಸೆನ್ ಆಗುತ್ತಿರಲಿಲ್ಲ. ಗಂಡನ ಹೆಸರು ಹಚ್ಚಿಕೊಳ್ಳುವುದು ಪೇಟೆಯಿಂದ ಬಂದ ಹೊಸ ಚಾಳಿ. ವಂಶ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ, ಹೆಂಗಸಿನ ತವರು ಅವಳ ಹೆಸರಿನಲ್ಲೇ ಕೂತಿರುತ್ತದೆ.

ಲಿಪಿಯ ವಿಷಯ ಎರಡೇ ಮಾತು. ‘ಓ’ ಎಂದು ಉಚ್ಚರಿಸುವ, ತಲೆಯ ಮೇಲೆ ಸೊನ್ನೆಯಿರುವ ‘ಎ’ ಅಕ್ಷರ ನಾರ್ವೆಗೆ 1917ರಲ್ಲಿ, ಡೆನ್ಮಾರ್ಕಿಗೆ 1948ರಲ್ಲಿ ಅಧಿಕೃತವಾಗಿ ಬಂದದ್ದು. ಅದಕ್ಕೂ ಮುಂಚೆ ಅಲ್ಲಿ ಎರಡು ‘ಎ’ ಬರೆಯುತ್ತಿದ್ದರು. ಅಕಾರಾದಿ ಪಟ್ಟಿಯಲ್ಲಿ ಇಂಥ ಹೆಸರು ಮೊದಲಲ್ಲಿ ಇರುವುದಿಲ್ಲ, ಕಟ್ಟಕಡೆಯಲ್ಲಿರುತ್ತದೆ.

ಹೆಜ್ಜೆ 4: ಜಮೀನಿನ ಹೆಸರು ವಿಳಾಸ, ವಂಶವಲ್ಲ

ನಾರ್ವೆಯಲ್ಲಿ ಹಳ್ಳಿಯೆಂದರೆ ಬಯಲುಸೀಮೆಯ ಹಾಗೆ ಗುಂಪುಗೂಡಿದ ಮನೆಗಳಲ್ಲ. ಮಲೆನಾಡಿನ ಹಾಗೆ ಗುಡ್ಡಕ್ಕೊಂದು, ಕಣಿವೆಗೊಂದು ಚದುರಿದ ಒಂಟಿಮನೆ, ಪ್ರತಿ ಮನೆಗೂ ಅದರ ಜಮೀನಿಗೂ ಸೇರಿ ಒಂದು ಹೆಸರು. ಹೆಸರಿನ ಅರ್ಥ ನೆಲದ ಆಕಾರವನ್ನೇ ಹೇಳುತ್ತದೆ. ‘ಹೌಗ್’ ಎಂದರೆ ದಿಬ್ಬ, ‘ಬಕ್ಕೆ’ ಇಳಿಜಾರು, ‘ಡಾಲ್’ ಕಣಿವೆ, ‘ವಿಕ್’ ಕೊಲ್ಲಿ, ‘ನೆಸ್’ ನೀರಿಗೆ ಚಾಚಿದ ಭೂಮಿ, ‘ರುಡ್’ ಕಾಡು ಕಡಿದು ಮಾಡಿದ ಗದ್ದೆ. ಕೊನೆಯ ‘ಎನ್’ ಎಂದರೆ ‘ಆ’ ಎಂದು ಬೊಟ್ಟುಮಾಡಿ ತೋರಿಸಿದಂತೆ: ಹೌಗೆನ್ ಎಂದರೆ ಆ ದಿಬ್ಬ, ಬಕ್ಕೆನ್ ಎಂದರೆ ಆ ಇಳಿಜಾರು. ಇಂಥ ದಿಬ್ಬ ಪ್ರತಿ ಸೀಮೆಯಲ್ಲೂ ಇರುವುದರಿಂದ ಹೌಗೆನ್ ಎಂಬ ಜಮೀನು ದೇಶದ ತುಂಬ ಇದೆ. ಚರ್ಚಿನ ಸೀಮೆ ಯಾವುದೆಂದು ಗೊತ್ತಿಲ್ಲದೆ ಬರೀ ಹೌಗೆನ್ ಹಿಡಿದು ಹೊರಟರೆ ಹೊಸಹಳ್ಳಿಯ ರಾಮಪ್ಪನನ್ನು ಹುಡುಕಿದಂತೆ.

ಈಗ ಎಡವಟ್ಟಿನ ಮೂಲಕ್ಕೆ ಬನ್ನಿ. ಮನುಷ್ಯ ಮನೆ ಬದಲಿಸಿದರೆ ಈ ಹೆಸರೂ ಬದಲಾಗುತ್ತದೆ. ಹೌಗೆನ್‌ನಲ್ಲಿ ಹುಟ್ಟಿದ ಲಾರ್ಸ್ ಓಲ್ಸೆನ್ ಮದುವೆಯಾಗಿ ಹೆಂಡತಿಯ ಬಕ್ಕೆನ್ ಜಮೀನಿಗೆ ಹೋದರೆ ಆ ದಿನದಿಂದ ಲಾರ್ಸ್ ಓಲ್ಸೆನ್ ಬಕ್ಕೆನ್. ಮನೆಅಳಿಯನಾದವನು ಹೆಂಡತಿಯ ಜಮೀನಿನ ಹೆಸರಿನಿಂದ ಕರೆಸಿಕೊಳ್ಳುವುದು ಅಲ್ಲಿ ಅವಮಾನವಲ್ಲ, ಬರೀ ವಿಳಾಸ. ಒಂದೇ ತಾಯ ಹೊಟ್ಟೆಯ ಮೂವರು ಮೂರು ಜಮೀನಿಗೆ ಹೋಗಿ ಮೂರು ಹೆಸರಿನಲ್ಲಿ ಸಾಯುತ್ತಾರೆ. ಒಂದೇ ಜಮೀನಿನಲ್ಲಿ ರಕ್ತಸಂಬಂಧವಿಲ್ಲದ ಒಡೆಯ, ಆಳು, ಗೇಣಿದಾರ ಎಲ್ಲರೂ ಹೌಗೆನ್ ಎಂದೇ ಬರೆಸಿಕೊಳ್ಳುತ್ತಾರೆ. ಹೆಸರಿನ ಹಿಂದೆ ‘ಏಯೆ’ ಎಂಬ ತುಣುಕು ಅಂಟಿದ್ದರೆ (ಹೌಗೆನೇಯೆ) ಆತ ಜಮೀನಿನ ಒಡೆಯನಲ್ಲ, ಅದರ ಅಂಚಿನಲ್ಲಿ ಬಿಡಾರ ಹಾಕಿಕೊಂಡು ದುಡಿಯುವವನು. ‘ನೂರ್ಡ್ರೆ’ ಬಡಗಣ ಪಾಲು, ‘ಸೋಂಡ್ರೆ’ ತೆಂಕಣ ಪಾಲು, ‘ಓವ್ರೆ’ ಮೇಲಿನದು, ‘ನೆಡ್ರೆ’ ಕೆಳಗಿನದು. ಜಮೀನು ಹಿಸ್ಸೆಯಾದಾಗ ಹುಟ್ಟಿದ ಪದಗಳಿವು.

1825ರಿಂದ ಮುಂದಿನ ನೂರು ವರ್ಷದಲ್ಲಿ 8 ಲಕ್ಷಕ್ಕೂ ಹೆಚ್ಚು ನಾರ್ವೆಯವರು ಅಮೆರಿಕಕ್ಕೆ ಹೋದರು. ಅಲ್ಲಿ ಒಂದು ಅಡ್ಡಹೆಸರು ಬರೆಯಿಸಲೇಬೇಕು. ಅಣ್ಣ ಓಲ್ಸೆನ್ ಎಂದ, ತಮ್ಮ ಹೌಗೆನ್ ಎಂದ. ಈಗ ಅವರ ಮೊಮ್ಮಕ್ಕಳು ಪರಸ್ಪರ ನೆಂಟರೆಂದೇ ತಿಳಿಯದೆ ಇದ್ದಾರೆ.

ಸ್ವೀಡನ್ನಿನ ಡಾಲಾರ್ನಾ ಪ್ರಾಂತದಲ್ಲಿ ಮಾತ್ರ ಜಮೀನಿನ ಹೆಸರು ಮುಂದಕ್ಕೆ ಬರುತ್ತದೆ: ಬಾಕ್ ಆಂಡರ್ಸ್ ಪೆರ್ಸ್‌ಸೊನ್. ಅದನ್ನು ಮೊದಲ ಹೆಸರೆಂದು ಭಾವಿಸಿ ‘ಬಾಕ್’ ಎಂಬ ಮನುಷ್ಯನನ್ನು ಹುಡುಕಬೇಡಿ. ಇದಂತೂ ಥೇಟು ನಮ್ಮ ಇನಿಷಿಯಲ್ಲೇ.

ಹೆಜ್ಜೆ 5: ಸ್ವೀಡನ್ನಿನ ಸಿಪಾಯಿ ಮತ್ತು ಪಾದ್ರಿ

ಸ್ವೀಡಿಷ್ ದಾಖಲೆಯಲ್ಲಿ ಇದ್ದಕ್ಕಿದ್ದಂತೆ ರಾಸ್ಕ್, ಮೂಡಿಗ್, ಸ್ವಾರ್ಡ್, ಡೊಲ್ಕ್ ಮೊದಲಾದ ಒಂದುಂಡೆ ಹೆಸರು ಬಂದರೆ ಆತ ಸಿಪಾಯಿ. ಅರ್ಥ ಕ್ರಮವಾಗಿ ಚುರುಕು, ಧೀರ, ಕತ್ತಿ, ಬಾಕು. ದೊರೆ 11ನೇ ಕಾರ್ಲ್ 1680ರ ದಶಕದಲ್ಲಿ ಹೊಸದಾಗಿ ಕಟ್ಟಿದ ಸೈನ್ಯದ ವ್ಯವಸ್ಥೆಯಲ್ಲಿ ಕೆಲವು ಜಮೀನುಗಳ ಒಂದೊಂದು ಗುಂಪು ಒಬ್ಬ ಸಿಪಾಯಿಯನ್ನು ಸಾಕಬೇಕು, ಅವನಿಗೆ ಸಣ್ಣ ಮನೆ, ತುಂಡು ನೆಲ ಕೊಡಬೇಕು. 150 ಜನರ ಕಂಪನಿಯಲ್ಲಿ ‘ಆಂಡರ್ಸ್ ಆಂಡರ್ಸ್‌ಸೊನ್’ ಎಂದು ಕೂಗಿದರೆ ಹಲವರು ಓಗೊಡುತ್ತಿದ್ದರಲ್ಲ, ಅದಕ್ಕೆ ಅಧಿಕಾರಿಗಳು ಚುಟುಕು ಹೆಸರು ಕೊಟ್ಟರು.

ಗಮನಿಸಬೇಕಾದದ್ದು ಇದು: ಎಷ್ಟೋ ಕಡೆ ಆ ಹೆಸರು ಮನುಷ್ಯನಿಗಲ್ಲ, ಹುದ್ದೆಗೆ ಅಂಟಿದ್ದು. ರಾಸ್ಕ್ ಸತ್ತರೆ ಅದೇ ಮನೆಗೆ ಬಂದ ಮುಂದಿನ ಸಿಪಾಯಿಯೂ ರಾಸ್ಕ್. ಒಬ್ಬರ ಹಿಂದೊಬ್ಬರಂತೆ ನಾಲ್ವರು ರಾಸ್ಕ್‌ಗಳನ್ನು ತಂದೆ-ಮಗ-ಮೊಮ್ಮಗ ಎಂದು ಪೋಣಿಸಿದ ವಂಶವೃಕ್ಷಗಳು ಬೇಕಾದಷ್ಟಿವೆ. ಸಿಪಾಯಿಯ ನಿಜವಾದ ಪಿತೃನಾಮ ಏನೆಂದು ಚರ್ಚಿನ ಪುಸ್ತಕದಲ್ಲಿ ನೋಡದೆ ಒಂದು ಗೆರೆಯನ್ನೂ ಎಳೆಯಬೇಡಿ. ಈ ವ್ಯವಸ್ಥೆ 1901ರವರೆಗೂ ಇತ್ತು.

ಪಾದ್ರಿ, ಪಂಡಿತರು ಲ್ಯಾಟಿನ್, ಗ್ರೀಕ್ ಬಾಲ ಹಚ್ಚಿಕೊಂಡರು. ಸಸ್ಯಗಳಿಗೆ ಜೋಡಿಹೆಸರಿನ ಪದ್ಧತಿ ತಂದ ಕಾರ್ಲ್ ಲಿನೇಯಸ್ ಅವರ ತಂದೆ ನಿಲ್ಸ್ ಇಂಗೆಮಾರ್ಸ್‌ಸೊನ್. ಮನೆಯ ಜಮೀನಿನಲ್ಲಿದ್ದ ‘ಲಿಂಡ್’ ಮರದಿಂದ ಲಿನೇಯಸ್ ಎಂಬ ಹೆಸರು ಮಾಡಿಕೊಂಡವರು ಅವರೇ. ಥರ್ಮಾಮೀಟರಿನ ಸೆಲ್ಸಿಯಸ್ ಮನೆತನದ್ದೂ ಜಮೀನಿನ ಹೆಸರೇ, ದಿಬ್ಬ ಎಂಬ ಅರ್ಥದ ಹೋಗೆನ್ ಲ್ಯಾಟಿನ್ ವೇಷ ತೊಟ್ಟು ಸೆಲ್ಸಿಯಸ್ ಆಯಿತು. ನಮ್ಮ ಲಾರ್ಸ್‌ನ ಹೌಗೆನ್‌ಗೆ ಇದು ಅಣ್ಣತಮ್ಮ. ಪೇಟೆಯವರು ಪ್ರಕೃತಿಯ ಎರಡು ಪದ ಜೋಡಿಸಿದರು: ಲಿಂಡ್‌ಬೆರ್ಗ್ ಎಂದರೆ ಮರ ಮತ್ತು ಬೆಟ್ಟ, ಬೆರ್ಗ್‌ಸ್ಟ್ರೋಮ್ ಎಂದರೆ ಬೆಟ್ಟ ಮತ್ತು ಹೊಳೆ. ಕೇಳಲು ಚೆಂದ ಎಂಬುದಷ್ಟೇ ಇವುಗಳ ತರ್ಕ, ಬೇರೆ ಅರ್ಥ ಹುಡುಕಿ ಪ್ರಯೋಜನವಿಲ್ಲ.

ಹೆಜ್ಜೆ 6: ಮಕ್ಕಳ ಹೆಸರಿನಿಂದ ಅಜ್ಜ-ಅಜ್ಜಿಯನ್ನು ಊಹಿಸುವುದು

ಮೊದಲ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲೂ ಉಂಟು. ನಾರ್ವೆಯ ರೈತರು ಅದನ್ನು ನಿಯಮದಂತೆ ನಡೆಸಿದರು. ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು. ಹಿರಿಮಗಳಿಗೆ ತಂದೆಯ ತಾಯಿಯದು, ಎರಡನೆಯವಳಿಗೆ ತಾಯಿಯ ತಾಯಿಯದು. ಒಂದು ಕಲ್ಪಿತ ಮನೆಯಲ್ಲಿ ಇದನ್ನು ನಡೆಸಿ ನೋಡೋಣ. ಓಲೆ ಲಾರ್ಸೆನ್ ಮತ್ತು ಆನೆ ಪೆಡರ್ಸ್‌ಡಾಟ್ಟರ್ ಗಂಡಹೆಂಡಿರು. ಮಕ್ಕಳು ಹುಟ್ಟಿದ ಕ್ರಮದಲ್ಲಿ ಲಾರ್ಸ್, ಮಾರಿಟ್, ಪೆಡರ್, ಬೆರಿಟ್. ಲಾರ್ಸ್ ಮತ್ತು ಪೆಡರ್ ಅಜ್ಜಂದಿರೆಂದು ತಂದೆತಾಯಿಯ ಪಿತೃನಾಮಗಳೇ ಸಾಕ್ಷಿ ಹೇಳುತ್ತವೆ. ನಿಯಮ ಪಾಲನೆಯಾಗಿದೆ ಎಂದಾಯಿತು. ಹಾಗಿದ್ದರೆ ಓಲೆಯ ತಾಯಿ ಮಾರಿಟ್, ಆನೆಯ ತಾಯಿ ಬೆರಿಟ್ ಇರಬೇಕು. ಪಿತೃನಾಮ ಅಜ್ಜಿಯರ ಸುಳಿವನ್ನು ಕೊಡುವುದೇ ಇಲ್ಲ, ಅದಕ್ಕೇ ಈ ಉಪಾಯಕ್ಕೆ ಬೆಲೆ. ಆದರೂ ಇದು ಊಹೆ. ಪೆನ್ಸಿಲಿನಲ್ಲಿ ಬರೆದುಕೊಳ್ಳಿ, ಓಲೆಯ ದೀಕ್ಷಾಸ್ನಾನದ ದಾಖಲೆ ಸಿಕ್ಕ ಮೇಲೆ ಇಂಕು ಹಚ್ಚಿ.

ನಿಯಮ ಮುರಿಯುವುದಕ್ಕೂ ನಿಯಮವಿದೆ. ಗಂಡ ಹೆಂಡತಿಯ ಜಮೀನಿಗೆ ಬಂದು ನೆಲೆಸಿದ್ದರೆ ಅವಳ ತಂದೆಯ ಹೆಸರೇ ಮೊದಲು ಬರಬಹುದು. ವಿಧುರ ಮತ್ತೆ ಮದುವೆಯಾದರೆ ಹೊಸ ಹೆಂಡತಿಯ ಮೊದಲ ಹೆಣ್ಣುಮಗುವಿಗೆ ತೀರಿಕೊಂಡ ಹೆಂಡತಿಯ ಹೆಸರು. ಆನೆ ತೀರಿದ ಮೇಲೆ ಹುಟ್ಟಿದ ಆನೆ ಓಲ್ಸ್‌ಡಾಟ್ಟರ್ ಅವಳ ಮಗಳಲ್ಲ, ಸವತಿಯ ಮಗಳು. ತಂದೆ ಸತ್ತ ಮೇಲೆ ಹುಟ್ಟಿದ ಗಂಡುಮಗುವಿಗೆ ತಂದೆಯದೇ ಹೆಸರು. ಮಗು ತೀರಿಕೊಂಡರೆ ಮುಂದೆ ಹುಟ್ಟಿದ್ದಕ್ಕೆ ಅದೇ ಹೆಸರು, ಆದ್ದರಿಂದ ದೀಕ್ಷಾಸ್ನಾನ ಸಿಕ್ಕಿತೆಂದು ಪುಸ್ತಕ ಮುಚ್ಚದೆ ಮುಂದಿನ ಹತ್ತು ವರ್ಷದ ಸಾವಿನ ಪುಟಗಳನ್ನೂ ತಿರುವಿ. ಅಜ್ಜಂದಿರಿಬ್ಬರದೂ ಒಂದೇ ಹೆಸರಾಗಿದ್ದರೆ ಬದುಕಿರುವ ಇಬ್ಬರು ಮಕ್ಕಳಿಗೂ ಅದೇ ಹೆಸರಿಟ್ಟದ್ದುಂಟು. ಹಿರಿಯ ಲಾರ್ಸ್, ಕಿರಿಯ ಲಾರ್ಸ್.

ಹೆಜ್ಜೆ 7: ದಾಖಲೆಯಲ್ಲಿ ಹಿಂದಕ್ಕೆ ನಡೆಯುವುದು

ನಾರ್ವೆಯ ರಾಷ್ಟ್ರೀಯ ಪತ್ರಾಗಾರದ ‘ಡಿಜಿಟಾಲಾರ್ಕಿವೆಟ್’ ಜಾಲತಾಣ ಉಚಿತ. 1801, 1865, 1875, 1900, 1910ರ ಜನಗಣತಿಗಳು ಹೆಸರು ಹಾಕಿ ಹುಡುಕುವಂತಿವೆ. ಹೊಸದರಿಂದ ಶುರುಮಾಡಿ: 1910ರಲ್ಲಿ ಹುಟ್ಟಿದ ದಿನಾಂಕವೇ ಇದೆ, 1865ರಲ್ಲಿ ವಯಸ್ಸು ಮಾತ್ರ. ವಯಸ್ಸನ್ನು ಎರಡು ಮೂರು ವರ್ಷ ಹಿಂದುಮುಂದು ಹಿಡಿಯಿರಿ. ಹೆಸರು, ಪಿತೃನಾಮ, ವಯಸ್ಸು, ಚರ್ಚಿನ ಸೀಮೆ, ಜಮೀನು ಈ ಐದರಲ್ಲಿ ನಾಲ್ಕಾದರೂ ಹೊಂದದೆ ‘ಇವನೇ’ ಎನ್ನಬೇಡಿ. ಆಮೇಲೆ ದೀಕ್ಷಾಸ್ನಾನದ ಪುಟದಲ್ಲಿ ಜ್ಞಾನತಂದೆ, ಜ್ಞಾನತಾಯಿಯರ ಪಟ್ಟಿ ಓದಿ. ಅವರು ಸಾಮಾನ್ಯವಾಗಿ ಸೋದರಮಾವ, ಚಿಕ್ಕಮ್ಮ, ಪಕ್ಕದ ಜಮೀನಿನವರು. ಒಂದೇ ಹೆಸರಿನ ಇಬ್ಬರು ಓಲೆಯರ ಗೊಂದಲವನ್ನು ಬಗೆಹರಿಸುವವರು ಅವರೇ.

ಸ್ವೀಡನ್ನಿನಲ್ಲಿ ಇದಕ್ಕಿಂತ ಒಳ್ಳೆಯ ಸಾಧನವಿದೆ. 1686ರ ಚರ್ಚ್ ಕಾಯ್ದೆಯಂತೆ ಪಾದ್ರಿ ಮನೆಮನೆಯವರ ಓದು, ಧರ್ಮಜ್ಞಾನ ಪರೀಕ್ಷಿಸಿ ಪಟ್ಟಿ ಇಡಬೇಕಿತ್ತು. ಒಂದು ಪುಟಕ್ಕೊಂದು ಮನೆ, ಅದರಲ್ಲಿ ಎಲ್ಲರ ಹುಟ್ಟು, ಮದುವೆ, ಎಲ್ಲಿಂದ ಬಂದರು, ಎಲ್ಲಿಗೆ ಹೋದರು. ಹೆಸರಿನ ಮೇಲೆ ಗೆರೆ ಹೊಡೆದಿದ್ದರೆ ಸತ್ತರೆಂದೇ ಅರ್ಥವಲ್ಲ, ಮನೆ ಬಿಟ್ಟರೂ ಗೆರೆ ಹೊಡೆಯುತ್ತಿದ್ದರು. ಐಸ್‌ಲ್ಯಾಂಡಿನ 1703ರ ಜನಗಣತಿ ದೇಶದ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಬರೆದದ್ದು, 50 ಸಾವಿರದಷ್ಟು ಜನ.

ಈಗಿನ ಕಾಲದಲ್ಲಿ

ಐಸ್‌ಲ್ಯಾಂಡಿನಲ್ಲಿ ಹಳೆಯ ಕ್ರಮ ಇವತ್ತಿಗೂ ನಡೆಯುತ್ತಿದೆ. ತಂದೆ ಯೋನ್ ಎಯ್ನಾರ್ಸ್‌ಸೊನ್, ತಾಯಿ ಆನಾ ಸ್ಟೆಫಾನ್ಸ್‌ಡೋಟ್ಟಿರ್, ಮಗ ಓಲಾವುರ್ ಯೋನ್ಸ್‌ಸೊನ್, ಮಗಳು ಕಾಟ್ರಿನ್ ಯೋನ್ಸ್‌ಡೋಟ್ಟಿರ್: ನಾಲ್ವರಿಗೂ ಬೇರೆಬೇರೆ ಬಾಲ. ವಿದೇಶದ ವಿಮಾನ ನಿಲ್ದಾಣದಲ್ಲಿ ಇವರು ಒಂದೇ ಮನೆಯವರೆಂದು ನಂಬಿಸುವ ಕಷ್ಟ, ಪಾಸ್‌ಪೋರ್ಟಿನ ‘ಸರ್‌ನೇಮ್’ ಖಾನೆ ಖಾಲಿ ಬಿಟ್ಟ ಕನ್ನಡಿಗರಿಗೆ ಬೇಗ ಅರ್ಥವಾದೀತು. ಟೆಲಿಫೋನ್ ಡೈರೆಕ್ಟರಿಯಲ್ಲಿ ಮೊದಲ ಹೆಸರಿನ ಕ್ರಮ. ದೇಶದ ಅಧ್ಯಕ್ಷರನ್ನೂ ಮೊದಲ ಹೆಸರಿನಿಂದಲೇ ಕರೆಯುತ್ತಾರೆ. ಹಾಗಾಗಿ ಕನ್ನಡದಲ್ಲಿ ಬರೆಯುವಾಗ ‘ಶ್ರೀಮತಿ ಫಿನ್‌ಬೋಗಾಡೋಟ್ಟಿರ್’ ಎಂದರೆ ತಪ್ಪು, ‘ವಿಗ್ಡಿಸ್’ ಎಂದರೆ ಸರಿ. 1991ರಿಂದ ಅಲ್ಲೊಂದು ಹೆಸರು ಸಮಿತಿ ಇದೆ. ಹೊಸ ಹೆಸರು ಐಸ್‌ಲ್ಯಾಂಡಿಕ್ ಷಷ್ಠಿ ಪ್ರತ್ಯಯ ತೆಗೆದುಕೊಳ್ಳುತ್ತದೆಯೇ ಎಂಬುದು ಅದರ ಮುಖ್ಯ ಪರೀಕ್ಷೆ. 2019ರ ಕಾಯ್ದೆಯ ನಂತರ ಗಂಡುಹೆಣ್ಣೆಂದು ನೋಂದಾಯಿಸದವರು ಸೊನ್, ಡೋಟ್ಟಿರ್ ಬದಲು ‘ಬುರ್’ ಬಳಸಬಹುದು, ಅದರ ಅರ್ಥ ಬರೀ ‘ಕೂಸು’.

ಅಲ್ಲಿ ಮಗು ಹುಟ್ಟಿದ ಕನ್ನಡಿಗರು ಗಡುವು ನೋಡಿಕೊಳ್ಳಬೇಕು: ಸ್ವೀಡನ್ನಿನಲ್ಲಿ 3 ತಿಂಗಳೊಳಗೆ, ಉಳಿದ ಮೂರು ದೇಶಗಳಲ್ಲಿ 6 ತಿಂಗಳೊಳಗೆ ಹೆಸರು ತಿಳಿಸಬೇಕು. ಇನಿಷಿಯಲ್ ಹಾಕುವ ಖಾನೆ ಅಲ್ಲಿನ ಅರ್ಜಿಯಲ್ಲಿಲ್ಲ, ‘ಆರ್.’ ಎಂದಷ್ಟೇ ಬರೆಯುವ ಬದಲು ತಂದೆಯ ಹೆಸರನ್ನು ಪೂರ್ತಿ ಬರೆಯಿರಿ. ಅಡ್ಡಹೆಸರು ಏನಿಡಬೇಕೆಂದು ತಲೆಕೆಡಿಸಿಕೊಂಡವರಿಗೆ ಹಳೆಯ ದಾರಿಯೂ ತೆರೆದಿದೆ. ಡೆನ್ಮಾರ್ಕ್ 2006ರಿಂದ ಪಿತೃನಾಮವನ್ನು ಮತ್ತೆ ಒಪ್ಪಿದೆ, ಸ್ವೀಡನ್ನಿನ ಕಾಯ್ದೆಯೂ ತಂದೆ ಅಥವಾ ತಾಯಿಯ ಹೆಸರಿಗೆ ‘ಸೊನ್’, ‘ಡೊಟ್ಟರ್’ ಹಚ್ಚಲು ಬಿಡುತ್ತದೆ. ರವಿಯ ಮಗಳು ಮೀರಾ ಸ್ಟಾಕ್‌ಹೋಮ್‌ನಲ್ಲಿ ಮೀರಾ ರವಿಸ್‌ಡೊಟ್ಟರ್ ಆಗಬಹುದು. ಬೆಂಗಳೂರಿನ ಅಜ್ಜಿಮನೆಯಲ್ಲಿ ಅದೇ ಹುಡುಗಿ ಆರ್. ಮೀರಾ.